ನರಳುವ ಅರಮನೆ, ಒಂದು ಬೊಗಸೆ ನೀರು

ಕೇಳಿ ಮಕ್ಕಳೇ, ಹತ್ತಿರ ಬನ್ನಿ. ಗೋಡೆಗೆ ಮಾತ್ರ ಒರಗಬೇಡಿ. ಯಾಕೆ ಅನ್ನೋದು ಕಥೆ ಮುಗಿಯೋ ಹೊತ್ತಿಗೆ ಗೊತ್ತಾಗುತ್ತೆ.

ಎರೆಮಣ್ಣಿನ ಸೀಮೆಯಲ್ಲಿ ಒಂದು ರಾಜ್ಯ. ಅದಕ್ಕೊಬ್ಬ ರಾಜ, ಸಿಂಗರಸ. ಅವನ ರಾಣಿ ಮಾಳವ್ವ, ಕೆಂಪುಮಣ್ಣಿನ ಸೀಮೆಯಿಂದ ಮದುವೆಯಾಗಿ ಬಂದವಳು. ಆ ರಾಜ್ಯದಲ್ಲೊಂದು ಪದ್ಧತಿ. ಬೆಳಗ್ಗೆ ಒಲೆ ಹೊತ್ತಿಸುವ ಮುಂಚೆ ಹೆಣ್ಣುಮಕ್ಕಳು ಮೂಡಣ ಗೋಡೆಯ ಬುಡಕ್ಕೆ ಒಂದು ಬೊಗಸೆ ನೀರು ಬಿಡಬೇಕು. ಮನೆ ಹೊತ್ತ ಭೂಮಿತಾಯಿಗೆ ಅದೇ ನಮಸ್ಕಾರ.

ಬೇಸಗೆಯ ಒಂದು ಮಟಮಟ ಮಧ್ಯಾಹ್ನ ಅರಮನೆ ನರಳಿತು. ಗಾಳಿಯಿಲ್ಲ, ಮಾತಿಲ್ಲ. ನೆಲದೊಳಗೆ ಯಾರೋ ಮಗ್ಗುಲು ಬದಲಿಸಿದ ಸದ್ದು. ಮಾಳವ್ವ ನೋಡುತ್ತಿದ್ದಂತೆ ಮೂಡಣ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಿ ಮೇಲಕ್ಕೆ ಹರಿಯಿತು.

ರಾಜ ಕಣಿ ಹೇಳುವ ಭರಮಣ್ಣನನ್ನು ಕರೆಸಿದ. ಭರಮಣ್ಣ ನೆಲಕ್ಕೆ ಕಿವಿಯಿಟ್ಟ. ಭೂಮಿಗೆ ನೀರಡಿಕೆ ಆಗಿದೆ, ಬೊಗಸೆ ಸಾಲದು, ಕೊಡ ಸುರಿಯಿರಿ ಅಂದ. ಸುರಿದರು.

ಸ್ವಲ್ಪ ದಿನ ಸುಮ್ಮನಿದ್ದ ಅರಮನೆ ಮತ್ತೆ ನರಳಿತು. ಈಗ ಬಿರುಕಿನಲ್ಲಿ ಬೆರಳು ಹೋಗುತ್ತಿತ್ತು. ಹಾಕಿದ ಬಾಗಿಲು ತೆಗೆಯಲು ಬಾರದು, ತೆಗೆದದ್ದು ಹಾಕಲು ಬಾರದು, ಆಚೆಯಿಂದ ಯಾರೋ ಹಿಡಿದುಕೊಂಡ ಹಾಗೆ. ಭರಮಣ್ಣ ಮತ್ತೆ ಕಿವಿಯಿಟ್ಟ. ಕೊಡವೂ ಸಾಲದಂತೆ. ಬಚ್ಚಲ ನೀರು, ಮಾಳಿಗೆಯ ಮಳೆನೀರು, ಎಲ್ಲವನ್ನೂ ಮೂಡಣ ಗೋಡೆಯ ಬುಡಕ್ಕೇ ತಿರುಗಿಸಿದರು.

ಮೂರನೆಯ ಸಲ ಅರಮನೆ ನರಳಿದಾಗ ಬಿರುಕಿನಲ್ಲಿ ಕೈ ಹೋಗುತ್ತಿತ್ತು. ಒಳಗಿಂದ ತಣ್ಣನೆಯ ಉಸಿರು ಬರುತ್ತಿತ್ತು. ಭರಮಣ್ಣ ಬಹಳ ಹೊತ್ತು ಕಿವಿಯಿಟ್ಟು ಎದ್ದ.

"ಒಡೆಯಾ, ತಾಯಿ ಬ್ಯಾರೆ ಮಣ್ಣಿನ ಹೆಣ್ಣನ್ನ ಬೇಡ್ಯಾಳ. ಬರೂ ಅಮಾಸಿಗೆ ರಾಣಿಯವ್ರನ್ನ ಬುನಾದ್ಯಾಗ ನಿಲ್ಲಿಸಿ ಮುಚ್ಚಬೇಕು."

ತಾಯಿ ಯಾರನ್ನೂ ಬೇಡಿರಲಿಲ್ಲ. ತನ್ನ ಅಕ್ಕನ ಮಗಳನ್ನು ರಾಣಿ ಮಾಡುವ ಆಸೆ ಭರಮಣ್ಣನದು. ರಾಜ ಅತ್ತ, ಅತ್ತು ಒಪ್ಪಿದ. ಆ ರಾಜನ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಮಾಳವ್ವ ಅಳುತ್ತ ಕೂರಲಿಲ್ಲ. ತನ್ನನ್ನು ನುಂಗುವ ಬಾಯಿ ಯಾವಾಗ ತೆರೆಯುತ್ತದೆ ನೋಡಿಯೇ ಬಿಡೋಣ ಅಂತ ರೊಟ್ಟಿ ಹಿಟ್ಟನ್ನು ಬಿರುಕಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಪಟ್ಟಿಯಾಗಿ ಮೆತ್ತಿದಳು. ನೀರು ಬಿಟ್ಟ ಮೇಲೆ ಪಟ್ಟಿ ಹರಿಯಿತು. ಯಾರಿಗೂ ಹೇಳದೆ ನೀರು ತಡೆದಳು, ಹೊಸ ಪಟ್ಟಿ ಹಾಗೇ ಉಳಿಯಿತು. ಮತ್ತೆ ಬಿಟ್ಟಳು, ಮತ್ತೆ ಹರಿಯಿತು. ಹರಿದ ಸಂದಿಯಿಂದ ಒಂದು ಕಪ್ಪೆ ತಲೆ ಹಾಕಿತು.

ನಿನ್ನನ್ನು ಇಲ್ಲಿಗೆ ಕರೆದವರು ಯಾರು ಅಂತ ಮಾಳವ್ವ ಕೇಳಿದಳು.

"ನೀವ ಕರದ್ರಿ," ಅಂದಿತು ಕಪ್ಪೆ, ಮನುಷ್ಯರ ದನಿಯಲ್ಲಿ. "ನಿಮ್ಮ ಕಾಲ ಕೆಳಗ ಕೆಸರೈತಿ. ನೀರು ಕುಡದ ಮಣ್ಣು ಉಬ್ಬಿ ನಿಮ್ಮನ್ನ ಎತ್ತತೈತಿ. ಬ್ಯಾಸಗ್ಯಾಗ ಕುಗ್ಗಿ ಕೈ ಬಿಡತೈತಿ. ಅದು ಯಾರನ್ನೂ ಬೇಡಿಲ್ಲ. ಭರಮಣ್ಣನ ಮನಿ ಕೆಳಗ ಹೋದ್ರ ನಮಗ ಹಸಿ ಜಾಗಾನ ಇಲ್ಲ."

ಮರುದಿನ ಮಾಳವ್ವ ಭರಮಣ್ಣನ ಮನೆಯ ಮುಂದೆ ಹಾದುಹೋದಳು. ಗೋಡೆಯಲ್ಲಿ ಗೆರೆಯಷ್ಟೂ ಬಿರುಕಿಲ್ಲ. ಸುತ್ತ ಇಳಿಜಾರಾಗಿ ಕಲ್ಲು ಹಾಸಿದೆ. ಮಾಳಿಗೆ ನೀರು ದೂರಕ್ಕೆ ಬೀಳುತ್ತದೆ, ಬಚ್ಚಲ ನೀರು ಇನ್ನೂ ದೂರದ ಬಾಳೆಗಿಡಗಳಿಗೆ ಹರಿಯುತ್ತದೆ. ಭರಮಣ್ಣನಿಗೆ ಇದೆಲ್ಲ ಮೊದಲೇ ಗೊತ್ತು ಅಂತ ಅವಳಿಗೆ ಅರ್ಥವಾಯಿತು.

ಅಮಾವಾಸ್ಯೆ ಬಂತು. ಮೂಡಣ ಗೋಡೆಯ ಬುಡದಲ್ಲಿ ಗುಂಡಿ ತೋಡಿದ್ದರು. ಜನ ಸುತ್ತ ನಿಂತಿದ್ದರು. ಮಾಳವ್ವ ಗುಂಡಿಯ ಅಂಚಿಗೆ ಬಂದು ರಾಜನ ಕಡೆ ತಿರುಗಿದಳು.

"ನಾನು ಇಳೀತೀನಿ. ಆದ್ರ ತಾಯಿ ನೀರಡಿಕಿ ಊರಿಗೆಲ್ಲಾ ಒಂದ. ಅರಮನಿ ನೀರೆಲ್ಲಾ ಮೊದಲ ಭರಮಣ್ಣಾರ ಗ್ವಾಡಿಗೆ ತಿರುಗಸ್ರಿ. ಆ ಪುಣ್ಯಾ ಅವರಿಗೂ ಬರಲಿ."

ಸಾಯಲು ನಿಂತವಳ ಮಾತು, ರಾಜ ಇಲ್ಲ ಅನ್ನಲಿಲ್ಲ. ಆಳುಗಳು ಕೊಡ ಹೊತ್ತು ಹೊರಟರು, ಊರು ಹಿಂದೆ ಹೋಯಿತು. ಮೊದಲ ಕೊಡ ಬಗ್ಗಿಸುವಷ್ಟರಲ್ಲಿ ಭರಮಣ್ಣ ಓಡಿಬಂದು ಅಡ್ಡ ನಿಂತ.

"ಬ್ಯಾಡ್ರಿ. ಎರೆಮಣ್ಣಿಗೆ ನೀರು ಕುಡಿಸಿದ್ರ ಗ್ವಾಡಿ ಬಿರೀತಾವ."

ಅಂದವನೇ ಬಾಯಿ ಮುಚ್ಚಿಕೊಂಡ. ಆಳುಗಳು ಕೊಡ ಕೆಳಗಿಟ್ಟರು. ಅರಮನೆಯ ಗುಂಡಿಯಿಂದ ಕಪ್ಪೆ ಕೂಗಿದ್ದು ಅಲ್ಲಿಯವರೆಗೂ ಕೇಳಿಸಿತು.

ಆಮೇಲೆ ರಾಣಿ ಹೇಳಿದಂತೆ ಕೆಲಸ ನಡೆಯಿತು. ನೀರೆಲ್ಲ ದೂರಕ್ಕೆ ತಿರುಗಿಸಿದರು. ಗೋಡೆಯ ಬುಡದ ಹಸಿ ಎರೆಮಣ್ಣು ತೆಗೆದು, ಗಟ್ಟಿ ನೆಲ ಸಿಗುವವರೆಗೂ ಅಗೆದು ಕಲ್ಲು ಕೂರಿಸಿ, ಸುತ್ತ ನೀರು ಹಿಡಿಯದ ಗರಸುಮಣ್ಣು ತುಂಬಿ ಹೊರಕ್ಕೆ ಇಳಿಜಾರು ಮಾಡಿದರು. ಮಣ್ಣು ಹೊತ್ತವನು ಭರಮಣ್ಣ. ಬಿರುಕನ್ನು ಮಾತ್ರ ಮಾಳವ್ವ ಆಗಲೇ ಮೆತ್ತಲು ಬಿಡಲಿಲ್ಲ. ಒಂದು ಮಳೆಗಾಲ, ಒಂದು ಬೇಸಗೆ ಕಳೆದು ಹಿಟ್ಟಿನ ಪಟ್ಟಿ ಹರಿಯದೆ ಉಳಿದ ಮೇಲೇ ಮುಚ್ಚಿಸಿದಳು.

ಭರಮಣ್ಣ ಎಲ್ಲಿ ಮಲಗಿದರೂ ಕೆಳಗೆ ಯಾರೋ ಮಗ್ಗುಲು ಬದಲಿಸುವ ಸದ್ದು ಕೇಳುತ್ತಿತ್ತಂತೆ. ಒಂದು ದಿನ ರಾಜ್ಯ ಬಿಟ್ಟೇ ಹೋದ. ರಾಣಿ ರಾಜನನ್ನು ಕ್ಷಮಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೋಡೆಯ ಬುಡಕ್ಕೆ ಬೊಗಸೆ ನೀರನ್ನು ಮಾತ್ರ ಅಂದಿನಿಂದ ರಾಜನೇ ಬಗ್ಗಿ ಬಿಡಬೇಕಾಯಿತು, ಒಂದೇ ಬೊಗಸೆ.

ನೀತಿ ಇಷ್ಟೇ ಮಕ್ಕಳೇ. ಮನೆ ನರಳಿದರೆ ಬಲಿ ಕೊಡಲು ಮನುಷ್ಯರನ್ನು ಹುಡುಕಬೇಡಿ, ನೀರು ಎಲ್ಲಿ ನಿಂತಿದೆ ಹುಡುಕಿ. ಕಥೆ ಮುಗಿಯಿತು, ಏಳಿ. ಒರಗಬೇಡಿ ಅಂದೆನಲ್ಲ, ಹೋಗುವಾಗ ಈ ಗೋಡೆಯ ಬುಡ ಒಮ್ಮೆ ಮುಟ್ಟಿ ನೋಡಿ, ಒದ್ದೆ ಇದ್ದರೆ ನನಗೆ ಹೇಳಿ.