ಬೊಗ್ಗನ ಕೊರಳಿನ ಕೊರಡು

ಕಣ್ಣು ಮುಚ್ಕೋ ಮಗಳೇ, ಕಿವಿ ಮಾತ್ರ ತೆಕ್ಕೊಂಡಿರು. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೇ ಇನ್ನೂ ಹಾಲುಹಲ್ಲು ಇದ್ದ ಕಾಲದಲ್ಲಿ, ಜಾಲಿಮರದ ಬಯಲಲ್ಲಿ ಒಂದು ಕುರುಬರ ಹಟ್ಟಿ ಇತ್ತಂತೆ. ಆ ಹಟ್ಟಿಯ ಕೊನೇ ಮನೇಲಿ ಬೀರವ್ವ ಅಂತ ಒಬ್ಬ ಹುಡುಗಿ, ಜಗಲಿ ಮೇಲೆ ತೊಟ್ಟಿಲಲ್ಲಿ ಅವಳ ತಮ್ಮ, ಅಂಗಳದಲ್ಲಿ ಬೊಗ್ಗ ಅನ್ನೋ ನಾಯಿ. ಹಂಚಿಂದ ಇಳಿದ ಮೊದಲ ರೊಟ್ಟಿ ಯಾವತ್ತೂ ಬೊಗ್ಗನಿಗೇ ಅಂತೆ. ಕಾಯೋನು ಉಂಡ ಮೇಲೆ ನಾವು, ಅಂತಿದ್ಲಂತೆ ಬೀರವ್ವನ ಅವ್ವ.

ಬೆಳಗಾದ್ರೆ ಅಪ್ಪ ಅವ್ವ ಕುರಿ ಹೊಡ್ಕೊಂಡು ಗುಡ್ಡಕ್ಕೆ ಹೋಗ್ತಿದ್ರಂತೆ. ತಮ್ಮ ಜೋಪಾನ, ಬಂದವರಿಗೆ ಇಲ್ಲ ಅನ್ನಬೇಡ ಅಂತ ಹೇಳಿ ಹೋಗ್ತಿದ್ರು. ಒಂದಿನ ಮಟಮಟ ಮಧ್ಯಾಹ್ನ, ತಲೆತುಂಬ ಕಂಬಳಿ ಹೊದ್ದ ಒಬ್ಬ ಮುದುಕಿ ಬಂದು ಬಾಯಾರಿಕೆ ಕಣವ್ವ ಅಂದ್ಲಂತೆ. ಬೊಗ್ಗ ಮೈಕೂದಲು ನಿಗುರಿಸ್ಕೊಂಡು ಬೊಗಳಿದ್ದೇ ಬೊಗಳಿದ್ದು. ಬೀರವ್ವ ಬೋಗುಣೀಲಿ ನೀರಿಟ್ಲು. ಮುದುಕಿ ಬೋಗುಣಿಗೆ ಕೈಯೇ ಹಚ್ಚದೆ, ಕಂಬಳಿ ಮರೆಯಲ್ಲೇ ಬಗ್ಗಿ, ಲೊಚ್ ಲೊಚ್ ಲೊಚ್ ಅಂತ ಕುಡಿದ್ಲಂತೆ. ಇದೇನು ಹಿಂಗೆ ಕುಡೀತಾಳೆ ಅನ್ನಿಸ್ತು ಬೀರವ್ವನಿಗೆ. ಆದ್ರೂ ವಯಸ್ಸಾದವರು, ಹಂಗೆಲ್ಲ ಅನ್ಕೋಬಾರದು ಅಂತ ಬೋಗುಣಿ ತೊಳೆದಿಟ್ಲು.

ಮಾರನೇ ದಿನ ಮುದುಕಿ ಮತ್ತೆ ಬಂದ್ಲಂತೆ, ರೊಟ್ಟಿ ಬೇಡಿದ್ಲಂತೆ. ಬೊಗ್ಗ ಅಡ್ಡ ನಿಂತಿತು. ಬೀರವ್ವ ದೂರದಿಂದಲೇ ಎಸೆದ್ಲು. ರೊಟ್ಟಿ ನೆಲಕ್ಕೆ ಬೀಳೋಕೆ ಮುಂಚೆ ಕಂಬಳಿ ಒಳಗೆ ಗುಳುಂ!

ಮೂರನೇ ದಿನ ಮುದುಕಿ ಬೇಲಿ ಆಚೇನೇ ನಿಂತು ಶುರು ಹಚ್ಕೊಂಡ್ಲಂತೆ. ಎಂಥ ಮನೆ ಕಣವ್ವ ಇದು, ಬಂದವರ ಮೇಲೆ ನಾಯಿ ಬಿಡೋ ಮನೆ? ಹಟ್ಟಿ ತುಂಬ ಹೇಳ್ಕೊಂಡು ಬರ್ತೀನಿ. ಇಲ್ಲಾಂದ್ರೆ ಅದರ ಕೊರಳಿಗೆ ಕೊರಡು ಕಟ್ಟು ಅಂತ. ಕಚ್ಚೋ ನಾಯಿ ಓಡದ ಹಾಗೆ ಕೊರಳಿಗೆ ಮರದ ಕೊರಡು ಕಟ್ಟೋದು ಆ ಹಟ್ಟಿ ವಾಡಿಕೆ. ಅವ್ವನ ಮಾನ ಹೋಗುತ್ತಲ್ಲಾ ಅಂತ ಬೀರವ್ವ ದಪ್ಪ ಜಾಲಿ ಕೊರಡು ತಂದು, ಹುರಿ ಬಿಗಿದು ಕಟ್ಟಿದ್ಲಂತೆ. ಆ ಪೆದ್ದ ನಾಯಿ, ಅವಳು ಕಟ್ತಾಳೆ ಅಂತ ಕೊರಳು ಚಾಚಿ ನಿಂತಿತ್ತಂತೆ.

ನೀನು ರೊಟ್ಟಿ ತಾ, ತೊಟ್ಟಿಲು ನಾನು ತೂಗ್ತೀನಿ ಅಂತ ಮುದುಕಿ ಜಗಲಿ ಹತ್ತಿದ್ಲು. ಬೀರವ್ವ ಒಳಗೆ ಹೋದ್ಲು. ಜೋಗುಳ ಕೇಳಲಿಲ್ಲ. ಮೂಸೋ ಸದ್ದು ಕೇಳ್ತು. ತಿರುಗಿ ನೋಡ್ತಾಳೆ, ಕಂಬಳಿ ಜಾರಿದೆ, ಬೂದಿ ಬಣ್ಣದ ಎರಡು ಕಿವಿ ನಿಂತಿವೆ, ತಮ್ಮನ ಕುಲಾವಿ ಹಲ್ಲಲ್ಲಿದೆ! ತೋಳ! ಅಯ್ಯೋ ಬೊಗ್ಗಾ, ನಿನ್ನ ನನ್ನ ಕೈಯಾರೆ ಕಟ್ಟಿದೆನಲ್ಲ ಅಂತ ಕೂಗ್ಕೊಂಡ್ಲಂತೆ.

ಆಗ ಅಂಗಳದಲ್ಲಿ ದರ, ದರ, ದರ ಅಂತ ಸದ್ದು. ಕೊರಳ ಚರ್ಮ ಸುಲೀತಾ ಇದ್ರೂ ಕೊರಡು ಎಳ್ಕೊಂಡೇ ಬೊಗ್ಗ ಬಂತಂತೆ! ಜಗಲಿಗೆ ಹಾರಿದ ರಭಸಕ್ಕೆ ಕೊರಡು ಬೀಸಿ ತೋಳನ ಮೂಗಿಗೇ ಬಿತ್ತಂತೆ. ತೋಳ ಕಂಬಳಿ ಬಿಟ್ಟು, ಬಾಲ ಮುದುರ್ಕೊಂಡು, ಗುಡ್ಡದಾಚೆ ಮಾಯ.

ತಮ್ಮ ತೊಟ್ಟಿಲಲ್ಲಿ ಕಿರಿಚ್ತಿದ್ದ, ಹುರಿ ಕೊರಳು ಬಿಗಿದು ಬಿದ್ದ ಬೊಗ್ಗ ಮಾತ್ರ ಅಲುಗಲಿಲ್ಲ. ಬೀರವ್ವ ಗಂಟು ಬಿಚ್ಚೋಕೆ ಹೋದ್ರೆ ಬಿಚ್ಚಲಿಲ್ಲ, ಅಷ್ಟು ಬಿಗಿಯಾಗಿ ಕಟ್ಟಿದ್ದಳಲ್ಲ. ಅಳ್ತಾ ಅಳ್ತಾ ಹುರೀನ ಹಲ್ಲಲ್ಲೇ ಕಡಿದ್ಲಂತೆ. ಕಡೇ ಎಳೆ ಹರಿದಾಗ ಬೊಗ್ಗ ಕಣ್ಣು ಬಿಟ್ಟು ಅವಳ ಮೂಗು ನೆಕ್ಕಿತಂತೆ.

ಸಂಜೆ ಬಂದ ಅವ್ವ ಎಲ್ಲಾ ಕೇಳಿ, ಬೈಯಲಿಲ್ಲ. ಆ ಕೊರಡನ್ನ ಒಲೆಗೆ ಇಟ್ಲು. ಅದೇ ಬೆಂಕೀಲಿ ಸುಟ್ಟ ಮೊದಲ ರೊಟ್ಟೀನ ಬೀರವ್ವ ಮುರಿದು ಮುರಿದು ಬೊಗ್ಗನ ಬಾಯಿಗಿಟ್ಲಂತೆ. ಅವತ್ತಿಂದ ಆ ಹಟ್ಟೀಲಿ ಯಾವ ನಾಯಿ ಕೊರಳಿಗೂ ಕೊರಡು ಬೀಳಲಿಲ್ಲ.

ಕೊರಡು ಉರಿದು ಬೂದಿ ಆಯ್ತು, ನಮ್ಮ ಕತೆ ಮುಗೀತು. ಹೊರಗೆ ನಮ್ಮ ನಾಯಿ ಬೊಗಳಿದ್ರೆ ಬೈಬೇಡ ಮಗಳೇ, ಅದು ಎದ್ದಿದೆ, ನೀನು ಮಲ್ಕೋ.