ಬಾವಿಗೆ ಬಿದ್ದ ಒಂಬತ್ತು ಬುಟ್ಟಿ ಉಪ್ಪು

ಹೊಳೆ ಮುಗಿದು ಸಮುದ್ರ ಶುರುವಾಗುವ ಒಂದು ಜಾಗದಲ್ಲಿ, ಒಂದಾನೊಂದು ಕಾಲದಲ್ಲಿ, ಒಂದು ಊರಿತ್ತಂತೆ. ಊರಿಗೆ ಮೂವತ್ತು ಮನೆ. ಮೂವತ್ತು ಮನೆಗೂ ಒಂದೇ ಕಸುಬು, ಉಪ್ಪು ಮಾಡುವುದು. ಸಮುದ್ರ ಉಬ್ಬಿ ಬಂದಾಗ ಕಾಲುವೆ ತೆಗೆದು ನೀರು ಒಳಗೆ ಬಿಟ್ಟುಕೊಳ್ಳೋರು. ಅಂಗಳದ ಹಾಗೆ ಮಟ್ಟಸ ಮಾಡಿದ ಪಾತಿಗಳಲ್ಲಿ ಅದನ್ನು ನಿಲ್ಲಿಸೋರು. ಬಿಸಿಲು ನೀರನ್ನು ಕುಡಿದುಬಿಡುತ್ತಿತ್ತು, ಉಪ್ಪನ್ನು ಬಿಟ್ಟು ಹೋಗುತ್ತಿತ್ತು. ಆ ಪಾತಿಗಳಿಗೆಲ್ಲ ಸೇರಿಸಿ ಆಗರ ಅನ್ನೋರು. ಎತ್ತ ನೋಡಿದರೂ ಉಪ್ಪುನೀರು. ನಡುವೆ ಕುಡಿಯೋದಕ್ಕೆ ಒಂದೇ ಒಂದು ಸಿಹಿನೀರಿನ ಬಾವಿ.

ಆ ಊರಲ್ಲಿ ಜಟ್ಟಿ ಅಂತ ಒಬ್ಬ ಮುದುಕ ಇದ್ದನಂತೆ. ಅವನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ಗಂಡುಮಕ್ಕಳು ಬೇಸಿಗೆ ಬಂತೆಂದರೆ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿಬಿಡೋರು, ಮಳೆ ಹಿಡಿಯುವ ಹೊತ್ತಿಗೇ ತಿರುಗಿ ಬರುವುದು. ಆಗರ ನೋಡಿಕೊಳ್ಳೋದು ಸೊಸೆಯರದ್ದೇ ಕೆಲಸ.

ಹಿರಿಸೊಸೆ ಮಂಕಾಳಿ. ಅವಳು ಆ ಮನೆಗೆ ಬಂದು ಏಳು ಬೇಸಿಗೆ ಆಗಿತ್ತು. ಏಳು ಬೇಸಿಗೆಯೂ ಮೂವತ್ತು ಮನೆಯಲ್ಲಿ ಅವಳ ಉಪ್ಪಿಗೇ ಹೆಸರು. ಯಾರಾದರೂ ನೆಂಟರು ಬಂದರೆ ಜಟ್ಟಿ ಒಂದು ಹಿಡಿ ಉಪ್ಪು ಅಂಗೈಯಲ್ಲಿ ಹಾಕಿಕೊಂಡು, "ನಮ್ಮ ಮಂಕಾಳಿ ಕೈಯದು, ನೋಡಿ" ಅಂತ ತೋರಿಸುತ್ತಿದ್ದ.

ಕಿರಿಸೊಸೆ ಸೋಮಿ ಘಟ್ಟದ ಮೇಲಿನವಳು. ಸಮುದ್ರವನ್ನೇ ಕಂಡವಳಲ್ಲ. ಬಂದ ಮೊದಲ ದಿನ ಕಾಲುವೆ ನೀರಲ್ಲಿ ಬಾಯಿ ಮುಕ್ಕಳಿಸಿ ಥೂ ಅಂತ ಉಗಿದಳಂತೆ. ಮಂಕಾಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕೈ ಹಿಡಿದು ಕರೆದುಕೊಂಡು ಹೋಗಿ ಎಲ್ಲಾ ಕಲಿಸಿದಳು. ಪಾತಿಯ ಕೆಸರು ಹೇಗೆ ತುಳಿಯಬೇಕು, ಉಪ್ಪು ಹೇಗೆ ಎಳೆಯಬೇಕು, ಯಾವ ಗಾಳಿ ಒಳ್ಳೆಯದು, ಯಾವ ಗಾಳಿ ಕೆಟ್ಟದ್ದು, ಎಲ್ಲ. "ಅಕ್ಕಾ, ಅಕ್ಕಾ" ಅಂತ ಸೋಮಿ ಹಿಂದೆ ಹಿಂದೆ ತಿರುಗುತ್ತಿದ್ದಳು.

ಎರಡನೇ ಬೇಸಿಗೆ ಬಂತು. ಸೋಮಿಯ ಪಾತಿಯಲ್ಲಿ ಉಪ್ಪು ಬಿತ್ತು. ಬಿದ್ದದ್ದು ಎಂಥಾ ಉಪ್ಪು ಅಂತೀರಿ! ಮಲ್ಲಿಗೆ ಮೊಗ್ಗು ಸುರಿದ ಹಾಗೆ. ಮಂಕಾಳಿಯ ಉಪ್ಪು ಅದರ ಪಕ್ಕ ಇಟ್ಟರೆ ಬೂದಿ ಬೆರೆಸಿದ ಹಾಗೆ ಕಾಣುತ್ತಿತ್ತಂತೆ. ಆ ವಾರ ಮನೆಗೆ ನೆಂಟರು ಬಂದರು. ಜಟ್ಟಿ ಅಂಗೈ ಚಾಚಿದ. "ನಮ್ಮ ಸೋಮಿ ಕೈಯದು, ನೋಡಿ" ಅಂದ.

ಅವತ್ತು ಮಂಕಾಳಿಗೆ ಗಂಜಿ ಸೇರಲಿಲ್ಲ.

ಮರುದಿನ ಅವಳ ಮಗಳು ಹೊನ್ನಿ, ಇನ್ನೂ ನಾಲ್ಕು ವರ್ಷದ ಕೂಸು, ಊಟಕ್ಕೆ ಕೂತು, "ಅಬ್ಬೇ, ನಂಗೆ ಚಿಕ್ಕಮ್ಮನ ಉಪ್ಪು ಹಾಕು" ಅಂತು. ಮಂಕಾಳಿ ಮಗುವಿನ ಬೆನ್ನಿಗೆ ಒಂದು ಬಿಟ್ಟಳು. ಬಿಟ್ಟು ತಾನೇ ಅತ್ತಳು. ಸೋಮಿ ಪಾತಿಗೆ ಹೋದರೆ ಇವಳ ಕಣ್ಣು ಅತ್ತಲೇ. ಸೋಮಿ ನಕ್ಕರೆ ನನ್ನನ್ನು ನೋಡಿಯೇ ನಕ್ಕಳು, ಸೋಮಿ ಸುಮ್ಮನಿದ್ದರೆ ಸೊಕ್ಕು. 'ನಾನು ಕಲಿಸಿದ ವಿದ್ಯೆ. ನನ್ನ ಕೈಯಿಂದ ಕಲಿತು ನನ್ನ ಹೆಸರು ತಿಂದಳಲ್ಲ!' ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ.

ಹೀಗಿರುವಾಗ ಅರಸನ ಮಗಳಿಗೆ ಮದುವೆ ಗೊತ್ತಾಯಿತು. ಮದುವೆ ಅಡುಗೆಗೆ ಉಪ್ಪು ಆರಿಸಲು ಅರಸನ ಪಾರುಪತ್ಯಗಾರ ಕುದುರೆ ಹತ್ತಿ ಆಗರಕ್ಕೆ ಬಂದ. ಮಂಕಾಳಿ ತಲೆ ಬಾಚಿ, ಹೂ ಮುಡಿದು, ತನ್ನ ಉಪ್ಪಿನ ರಾಶಿಯನ್ನು ಗೋಪುರದ ಹಾಗೆ ಪೇರಿಸಿ ಅದರ ಪಕ್ಕ ನಿಂತಿದ್ದಳು. ಅವನು ಒಂದು ಸಲ ನೋಡಿದ, ಮುಂದೆ ಹೋದ. ಸೋಮಿಯ ರಾಶಿ ಎದುರು ಕುದುರೆಯಿಂದ ಇಳಿದ.

"ಇದು ಯಾರ ಕೈಯದು?"

"ನನ್ನದು ಸ್ವಾಮೀ."

"ಒಂದಲ್ಲ ಎರಡಲ್ಲ, ಒಂಬತ್ತು ಬುಟ್ಟಿ ಬೇಕು. ಹುಣ್ಣಿಮೆಗೆ ಬರ್ತೇನೆ. ಕೊಟ್ಟರೆ ನಿಮ್ಮ ಪಾತಿಗಳ ಈ ಆಗರ ನಿಮ್ಮ ಮನೆಗೇ ಉಂಬಳಿ, ಕಂದಾಯ ಇಲ್ಲ. ಮಾತು ತಪ್ಪಿದರೆ ಆಗರ ಬೇರೆಯವರ ಪಾಲು."

ಸೋಮಿ ಒಂಬತ್ತು ಬುಟ್ಟಿ ತುಂಬಿದಳು. ತೆಂಗಿನ ಗರಿ ಮುಚ್ಚಿಟ್ಟಳು. ಹುಣ್ಣಿಮೆಗೆ ಇನ್ನು ಮೂರೇ ದಿನ.

ನಡುಮಧ್ಯಾಹ್ನ. ಊರಿಗೆ ಊರೇ ಗಂಜಿ ಉಂಡು ಮಲಗಿದೆ. ಆಗರದಲ್ಲಿ ಬಿಸಿಲು ಬಿಟ್ಟರೆ ಯಾರೂ ಇಲ್ಲ. ಮಂಕಾಳಿ ಎದ್ದಳು. ಗರಿ ಸರಿಸಿದಳು. ಉಪ್ಪನ್ನು ಎಲ್ಲಿ ಬಚ್ಚಿಟ್ಟರೂ ಸಿಕ್ಕಿಬೀಳುತ್ತದೆ. ಸಿಕ್ಕದ ಹಾಗೆ ಮಾಡುವುದು ಹೇಗೆ? ಎದುರಿಗೇ ಬಾವಿ ಕಂಡಿತು.

ಒಂದು ಬುಟ್ಟಿ ಸುರಿದಳು, ಕರಗಿತು. ಎರಡು ಬುಟ್ಟಿ ಸುರಿದಳು, ಕರಗಿತು. ಮೂರು ಸುರಿದಳು, ನಾಲ್ಕು ಸುರಿದಳು. ಒಂಬತ್ತನೇದು ಸುರಿದು, ಗಳ ಹಾಕಿ ಕಲಕಿ, ಬಗ್ಗಿ ನೋಡಿದಳು. ನೀರು ಎಂದಿನ ಹಾಗೇ ತಿಳಿಯಾಗಿದೆ. ಮಲ್ಲಿಗೆಯಂಥ ಉಪ್ಪು ಎಲ್ಲಿ? ಇಲ್ಲ. ಇದ್ದದ್ದೇ ಸುಳ್ಳೇನೋ ಅನ್ನುವ ಹಾಗೆ ಇಲ್ಲ. ಖಾಲಿ ಬುಟ್ಟಿಗಳನ್ನು ಇದ್ದಲ್ಲೇ ಇಟ್ಟು, ಬಂದು, ಮಗಳ ಪಕ್ಕ ಮಲಗಿದಳು. ಎಷ್ಟೋ ದಿನಕ್ಕೆ ಅವಳಿಗೆ ಕಣ್ತುಂಬ ನಿದ್ದೆ ಬಂತಂತೆ.

ಸಂಜೆ ಸೋಮಿಯ ಕೂಗು ಕೇಳಿ ಊರು ಕೂಡಿತು. ಬುಟ್ಟಿಗಳಿವೆ, ಉಪ್ಪಿಲ್ಲ. ಅಷ್ಟರಲ್ಲಿ ನೀರು ಸೇದಿದ ಹೆಂಗಸೊಬ್ಬಳು ಬಾಯಿಗೆ ಹಾಕಿ ಉಗಿದಳು. ಬಾವಿ ಉಪ್ಪಾಗಿದೆ!

ಮಂಕಾಳಿ ಮೆಲ್ಲಗೆ ಬಾಯಿ ತೆಗೆದಳು. "ನನಗೇನು ಗೊತ್ತು? ಮೊನ್ನೆ ಅವಳ ತವರಿನವರು ಎತ್ತು ಹೊಡೆದುಕೊಂಡು ಬಂದಿದ್ದರಲ್ಲ. ಅರಸನ ಉಪ್ಪನ್ನು ಕದ್ದು ಸಾಗಿಸಿದರೆ ಬಾವಿ ಸುಮ್ಮನಿರ್ತದಾ? ಕಳ್ಳತನದ ಮನೆಗೆ ಸಿಹಿನೀರು ಹೇಗೆ ದಕ್ಕೀತು?"

ಊರು ಆ ಮಾತನ್ನು ನಂಬಿತು. ಜಟ್ಟಿ ತಲೆ ಮೇಲೆ ಕೈ ಹೊತ್ತು ಕೂತ. ಮರುದಿನದಿಂದ ಸೋಮಿ ಎದುರು ಬಂದರೆ ಹೆಂಗಸರು ದಾರಿ ಬಿಟ್ಟು ನಡೆದರು.

ಗುಡ್ಡದ ಆಚೆ ಒಂದು ಒರತೆ ಇತ್ತು. ಹೋಗಿಬರಲು ಒಂದು ಹೊತ್ತು, ತುಂಬುವುದು ಒಂದು ಕೊಡ. ಅದಕ್ಕೇ ಮೂವತ್ತು ಮನೆ ಮುಗಿಬಿತ್ತು. ಆ ಬಿಸಿಲಲ್ಲಿ ಹೊನ್ನಿಗೆ ಜ್ವರ ಬಂತು. ಬಾವಿ ನೀರು ಕುಡಿಸಿದರೆ ಕಕ್ಕುತ್ತದೆ. ಒರತೆಗೆ ಹೋದ ಮಂಕಾಳಿ ಜಗಳವಾಡಿ ಬರಿ ಕೊಡ ತಂದಳು. ಮಗುವಿನ ತುಟಿ ಬಿರಿದಿತ್ತು. ಮಂಕಾಳಿ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಗಾಳಿ ಬೀಸಿದಳು. ಆದರೂ ಬಾಯಿ ಬಿಡಲಿಲ್ಲ.

ಸೋಮಿ ಒಲೆ ಮುಂದೆ ಕೂತಿದ್ದಳು. ಬೇರೆ ನೀರಿಲ್ಲ ಅಂತ ಬಾವಿ ನೀರಿಗೇ ಅಕ್ಕಿ ಹಾಕಿದ್ದಳು. ಕುದಿಯಿತೇ ಅಂತ ಮುಚ್ಚಳ ತೆಗೆದಾಗ, ಮುಚ್ಚಳದ ಒಳಗಿನ ಹನಿ ತುಟಿ ಮೇಲೆ ಬಿತ್ತು. ನೆಕ್ಕಿದಳು. ಮತ್ತೊಂದು ಹನಿ ನೆಕ್ಕಿದಳು. ಚೂರೂ ಉಪ್ಪಿಲ್ಲ! ಅನ್ನ ಕೆಳಗಿಳಿಸಿ, ಬರಿ ಬಾವಿ ನೀರು ಕುದಿಸಿ, ಅದರ ಮೇಲೆ ಅಗಲದ ತಟ್ಟೆ ಓರೆಯಾಗಿ ಹಿಡಿದಳು. ತಟ್ಟೆ ಕಾದರೆ ಮೇಲೆ ಒದ್ದೆ ಬಟ್ಟೆ ಹಾಕಿದಳು. ಹಬೆ ಮೇಲೆ ಹೋಗಿ, ತಟ್ಟೆ ತಾಗಿ, ತಣಿದು, ಮತ್ತೆ ನೀರಾಗಿ, ತಟ್ಟೆಯ ತುದಿಯಿಂದ ಪಕ್ಕದ ಬಟ್ಟಲಿಗೆ ತೊಟ್ಟಿಕ್ಕಿತು. ಹನಿ ಹನಿ ಸೇರಿ ಒಂದು ಬಟ್ಟಲಾಯಿತು.

ಬಟ್ಟಲು ಹಿಡಿದು ಬಂದು ಹೊನ್ನಿಗೆ ಕುಡಿಸಿದಳು. ಮಗು ಕಣ್ಣು ಬಿಟ್ಟು, "ಚಿಕ್ಕಮ್ಮಾ, ಇನ್ನೊಂದು ಗುಟುಕು" ಅಂತು.

ಮಂಕಾಳಿ ಬಾಗಿಲ ಹತ್ತಿರ ನಿಂತಿದ್ದಳು. ಮಗಳು ಉಳಿದಳಲ್ಲ ಅಂತ ಒಂದು ಕಣ್ಣಲ್ಲಿ ನೀರು, ಉಳಿಸಿದವಳು ಇವಳೇ ಆದಳಲ್ಲ ಅಂತ ಇನ್ನೊಂದು ಕಣ್ಣಲ್ಲಿ ಕಿಚ್ಚು.

ಇತ್ತ ಸೋಮಿ ಒಲೆಗೆ ತಿರುಗಿ ಬಂದಾಗ ಪಾತ್ರೆಯ ನೀರು ಬತ್ತಿಹೋಗಿತ್ತು. ತಳದಲ್ಲಿ ಬೆಳ್ಳಗೆ ಏನೋ ಕಟ್ಟಿತ್ತು. ಬೆರಳಿಗೆ ಹಚ್ಚಿ ನೋಡಿದಳು, ಉಪ್ಪು. ಅಲ್ಲೇ ಕೂತು ಯೋಚಿಸಿದಳು. 'ಮೇಲೆ ಹೋಗುವುದು ನೀರು, ಕೆಳಗೆ ಉಳಿಯುವುದು ಉಪ್ಪು. ಕರಗಿದ್ದು ಕಾಣುವುದಿಲ್ಲ, ಆದರೆ ಹೋಗುವುದೂ ಇಲ್ಲ. ನನ್ನ ಉಪ್ಪು ಕಾಣೆಯಾದ ದಿನವೇ ಬಾವಿ ಉಪ್ಪಾಯಿತು…'

ಹುಣ್ಣಿಮೆ ಬಂತು, ಪಾರುಪತ್ಯಗಾರನೂ ಬಂದ. ಖಾಲಿ ಬುಟ್ಟಿ ನೋಡಿ ಅವನ ಮುಖ ಕೆಂಪಾಯಿತು.

"ಎಲ್ಲಿ ಅರಸರ ಉಪ್ಪು?"

"ಎಲ್ಲೂ ಹೋಗಿಲ್ಲ ಸ್ವಾಮೀ. ಯಾರು ಸುರಿದರೋ ಗೊತ್ತಿಲ್ಲ, ಬಾವಿಯಲ್ಲಿದೆ" ಅಂದಳು ಸೋಮಿ.

ಅವನು ಬಗ್ಗಿ ನೋಡಿದ. "ಕಾಣೋದೇ ಇಲ್ಲವಲ್ಲ!"

"ಕಣ್ಣಿಗೆ ಕಾಣೋದಿಲ್ಲ, ನಾಲಿಗೆಗೆ ಕಾಣ್ತದೆ."

ಅವನ ಎದುರಿಗೇ ಮೂರು ಕಲ್ಲು ಹೂಡಿ, ಒಂದು ಚೆಂಬು ಬಾವಿ ನೀರನ್ನು ಬತ್ತುವ ತನಕ ಕುದಿಸಿ, ತಳ ಕೆರೆದು ಅವನ ಅಂಗೈಗೆ ಹಾಕಿದಳು. ಅವನು ನೆಕ್ಕಿ ನೋಡಿದ.

"ಮದುವೆಗೆ ಹದಿನೈದು ದಿನ ಇದೆ. ಹನ್ನೆರಡು ದಿನದೊಳಗೆ ತೆಗೀತೀಯಾ?"

"ತೆಗೀತೇನೆ."

"ತೆಗೆಯದಿದ್ದರೆ?"

"ಆಗರವೂ ನಿಮ್ಮದು, ನಾನೂ ನಿಮ್ಮ ಕೈದಿ."

ಊರು ನಕ್ಕಿತು. ನಕ್ಕರೂ ಬಾವಿ ಎಲ್ಲರದ್ದೂ ತಾನೇ? ಏತ ಹೂಡಿದರು. ಮೂವತ್ತು ಮನೆಯವರೂ ಸಾಲುಗಟ್ಟಿ ಬಾವಿಯನ್ನು ತಳ ಕಾಣುವವರೆಗೆ ಎತ್ತಿ, ತೊಳೆದ ಪಾತಿಗಳಿಗೆ ಸುರಿದರು. ಮಂಕಾಳಿಯೂ ಸುರಿದಳು, ಸುರಿಯದೆ ವಿಧಿಯಿಲ್ಲ. ಒಂದನೇ ದಿನ ನೋಡಿದರು, ನೀರು. ಮೂರನೇ ದಿನ ನೋಡಿದರು, ನೀರು. ಆರನೇ ದಿನ ನೋಡಿದರು, ನೀರು ಕಡಿಮೆ, ಆದರೂ ನೀರೇ.

ಒಂಬತ್ತನೇ ದಿನ ಸಮುದ್ರದ ಮೇಲೆ ಕರಿಮೋಡ ಎದ್ದಿತು. ಮಳೆ ಬಿದ್ದರೆ ಒಣಗಿದ್ದೆಲ್ಲ ಮತ್ತೆ ಕರಗಿ ಹೋಗುತ್ತದೆ. ಊರಿಗೆ ಊರೇ ಕೈ ಮುಗಿದು, "ಬೇಡ ಬೇಡ" ಅಂದಿತು. ಮಂಕಾಳಿಯೊಬ್ಬಳೇ ಸೆರಗಿನೊಳಗೆ ಕೈ ಮುಗಿದು, "ಸುರಿ ಸುರಿ" ಅಂದಳು.

ಸೋಮಿ ಮೋಡವನ್ನೇ ನೋಡುತ್ತಾ, "ಮಾವಾ, ನಮ್ಮ ಪಾತಿಯಿಂದ ಬತ್ತಿ ಹೋದ ನೀರೂ ಅಲ್ಲಿ ಸೇರಿಕೊಂಡಿರಬೇಕು, ನನ್ನ ತಟ್ಟೆಗೆ ಹಬೆ ಅಂಟಿದ ಹಾಗೆ" ಅಂದಳು.

"ಹಾಗಾದರೆ ಅಲ್ಲೇ ಇರಲಿ ಮಗಾ, ಇನ್ನು ಮೂರು ದಿನ ಇಳಿಯೋದು ಬೇಡ" ಅಂದ ಜಟ್ಟಿ.

ಮೋಡ ಆಗರದ ನೆತ್ತಿಯ ಮೇಲೆ ಬಂತು, ನಿಂತಿತು, ಗುಡುಗಿತು. ಆಮೇಲೆ ಗಾಳಿ ಅದನ್ನು ತಳ್ಳಿಕೊಂಡು ಹೋಯಿತು, ಮೋಡ ಘಟ್ಟಕ್ಕೆ ತಾಗಿ ಅಲ್ಲೇ ಸುರಿಯಿತಂತೆ.

ಹನ್ನೆರಡನೇ ದಿನ ಪಾತಿಯ ತುಂಬ ಉಪ್ಪು. ತುಂಬಿ ಅಳೆದರು. ಎಂಟೂವರೆ ಬುಟ್ಟಿ.

"ಅರ್ಧ ಬುಟ್ಟಿ ಎಲ್ಲಿ?" ಅಂದ ಪಾರುಪತ್ಯಗಾರ.

"ಒಂದಿಷ್ಟು ಬಾವಿಯ ಕೆಸರಲ್ಲಿದೆ, ಉಳಿದದ್ದು ನಮ್ಮ ಹೊಟ್ಟೆಯಲ್ಲಿದೆ ಸ್ವಾಮೀ, ಆ ನೀರಿಗೇ ಗಂಜಿ ಬೇಯಿಸಿ ಉಂಡಿದ್ದೇವೆ" ಅಂದ ಜಟ್ಟಿ. ಎಲ್ಲರೂ ಘೊಳ್ಳೆಂದು ನಕ್ಕರು. ಪಾರುಪತ್ಯಗಾರನೂ ನಕ್ಕು, ಹೆಗಲ ಶಾಲು ತೆಗೆದು ಸೋಮಿಗೆ ಹೊದಿಸಿದ. "ಬಾವಿಯಿಂದ ಉಪ್ಪು ತೆಗೆದ ಹೆಣ್ಣು ಈ ಸೀಮೆಯಲ್ಲಿ ಇನ್ನೊಬ್ಬಳಿಲ್ಲ!" ಅಂದ. ದಾರಿ ಬಿಟ್ಟು ನಡೆದಿದ್ದ ಹೆಂಗಸರೇ ಈಗ ಸೋಮಿಯ ಕೈ ಹಿಡಿದುಕೊಂಡರು. "ಏನು ಬುದ್ಧಿ! ಏನು ಕೈಗುಣ!"

ಮಂಕಾಳಿ ಕೇಳಿದಳು. ಒಂದು ಸಲ ಕೇಳಿ ತಡೆದುಕೊಂಡಳು, ಎರಡು ಸಲ ಕೇಳಿ ತಡೆದುಕೊಂಡಳು. ಮೂರನೇ ಸಲ ತಡೆಯಲಾಗಲಿಲ್ಲ.

"ಅವಳದ್ದೇನು ದೊಡ್ಡಸ್ತಿಕೆ?" ಅಂತ ಕಿರುಚಿದಳು. "ಉರಿಬಿಸಿಲಲ್ಲಿ ಒಂಬತ್ತು ಬುಟ್ಟಿ ಹೊತ್ತು ಹಾಕಿದವಳು ನಾನು! ನಾನು ಹಾಕದಿದ್ದರೆ ಇವಳು ಏನು ತೆಗೀತಿದ್ದಳು?"

ಮಂಕಾಳಿ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೆ ಮಾತು ಆಚೆ ಬಂದಾಗಿತ್ತು.

ಪಾರುಪತ್ಯಗಾರ, "ಹಿಡೀರಿ ಇವಳನ್ನು" ಅಂದ. ಸೋಮಿ ಅಡ್ಡ ಬಂದಳು. ಅವಳಿಗೂ ಸಿಟ್ಟೇ. "ನನ್ನ ಮೇಲೆ ಹೊಟ್ಟೆಕಿಚ್ಚು, ಸರಿ. ಹೊನ್ನಿ ಬಾಯಿ ಒಣಗಿ ಮಲಗಿದ್ದಾಗಲೂ ನಿನ್ನ ಬಾಯಿಂದ ಮಾತು ಬರಲಿಲ್ಲವಲ್ಲ ಅಕ್ಕಾ?"

ಆ ಮಾತಿಗೆ ಮಂಕಾಳಿ ಕುಸಿದು ಕೂತಳು. ಚಾಟಿಯೇಟು ತಿಂದಿದ್ದರೂ ಅಷ್ಟು ನೋಯುತ್ತಿರಲಿಲ್ಲವೋ ಏನೋ.

ಜಟ್ಟಿ ಕೈ ಮುಗಿದು, "ಸ್ವಾಮೀ, ನಿಮ್ಮ ಉಪ್ಪು ನಿಮಗೆ ಸಿಕ್ಕಿತು. ನೀರು ಕೆಟ್ಟದ್ದು ಊರಿಗೆ, ಶಿಕ್ಷೆ ಊರು ಕೊಡಲಿ" ಅಂದ. ಅವನು ಒಪ್ಪಿದ. ಆಗರವನ್ನು ಉಂಬಳಿ ಬರೆದುಕೊಟ್ಟು ಹೋದ. ಬಾವಿಯಲ್ಲಿ ಮತ್ತೆ ಒಸರಿದ ನೀರಿಗೂ ಕೆಸರಿನ ಉಪ್ಪು ಹತ್ತಿ ಬಾಯಿಗಿಡುವ ಹಾಗಿರಲಿಲ್ಲ. ಮಳೆ ಬಂದು ಬಾವಿ ಸಿಹಿಯಾಗುವವರೆಗೆ ಮಂಕಾಳಿ ನೀರು ಕುದಿಸಿ, ಹಬೆ ಹಿಡಿದು, ಮೂವತ್ತು ಮನೆಯ ಮಕ್ಕಳಿಗೂ ಬಾಣಂತಿಯರಿಗೂ ಬಟ್ಟಲು ಬಟ್ಟಲು ಕೊಡಬೇಕು ಅಂತ ಊರು ತೀರ್ಮಾನಿಸಿತು.

ಹೊರಗೆ ಬೇಸಿಗೆ, ಮುಂದೆ ಬೆಂಕಿ. ಬೆಳಗಿಂದ ಸಂಜೆ ಹನಿ ಹಿಡಿದರೂ ಒಂದು ಕೊಡ ತುಂಬುತ್ತಿರಲಿಲ್ಲ. ಬಂದವರು ಬಟ್ಟಲು ಚಾಚುತ್ತಿದ್ದರು, ಮಾತಾಡದೆ ಹೋಗುತ್ತಿದ್ದರು. ಹತ್ತು ದಿನ ಹೀಗಾಯಿತು. ಹನ್ನೊಂದನೇ ದಿನ ಸೋಮಿ ಒಂದು ಹೊರೆ ಸೌದೆ ತಂದು ಹಾಕಿದಳು.

"ಯಾಕೆ ಬಂದೆ? ನೋಡಿ ನಗೋಕಾ?"

"ಸೌದೆ ಮುಗಿದಿತ್ತಲ್ಲ, ಅದಕ್ಕೆ."

ಇಬ್ಬರೂ ಒಲೆಯ ಎರಡು ಕಡೆ ಕೂತರು. ಒಲೆಗೆ ಸೌದೆ ತಳ್ಳುತ್ತ ಮಂಕಾಳಿ ತಲೆ ತಗ್ಗಿಸಿಯೇ ಕೇಳಿದಳು. "ನಿನ್ನ ಉಪ್ಪು ಅಷ್ಟು ಬೆಳ್ಳಗೆ ಹೇಗೆ ಬೀಳ್ತದೆ?"

"ನೀನು ಒಂದು ದಿನವೂ ಕೇಳಲಿಲ್ಲವಲ್ಲ! ನೀರನ್ನು ಪಾತಿಗೆ ಬಿಡುವ ಮೊದಲು ಎರಡು ದಿನ ಕಾಲುವೆಯಲ್ಲೇ ಕಲಕದೆ ನಿಲ್ಲಿಸ್ತೇನೆ. ಮಣ್ಣು ತಳಕ್ಕೆ ಕೂರ್ತದೆ. ಮೇಲಿನ ತಿಳಿಯಷ್ಟೇ ಬಿಟ್ಟುಕೊಳ್ತೇನೆ. ಉಳಿದದ್ದೆಲ್ಲ ನೀನು ಹೇಳಿಕೊಟ್ಟ ಹಾಗೇ ಅಕ್ಕಾ."

"ಅಷ್ಟೇಯಾ?"

"ಅಷ್ಟೇ."

ಮಂಕಾಳಿಗೆ ಅಳುವೂ ಬಂತು, ನಗುವೂ ಬಂತು.

ಮಳೆ ಬಂತು. ಏಳು ಹಗಲು ಏಳು ರಾತ್ರಿ ಹೊಯ್ಯಿತು. ಬಾವಿ ತುಂಬಿ ಹರಿಯಿತು, ನೀರು ಸಿಹಿಯಾಯಿತು. ಘಟ್ಟದಿಂದ ಜಟ್ಟಿಯ ಗಂಡುಮಕ್ಕಳು ಇಳಿದು ಬಂದರು. ಮುಂದಿನ ಬೇಸಿಗೆಯಲ್ಲಿ ಆ ಮನೆಯ ಆಗರದಲ್ಲಿ ಎರಡು ರಾಶಿ ಎದ್ದವು. ಎರಡೂ ಬೆಳ್ಳಗೆ. ಯಾವುದು ಯಾರದ್ದು ಅಂತ ಜಟ್ಟಿಗೇ ತಿಳಿಯುತ್ತಿರಲಿಲ್ಲವಂತೆ.

ಮಂಕಾಳಿಯ ಹೊಟ್ಟೆಕಿಚ್ಚು ಪೂರಾ ಆರಿತೇ ಅಂತ ಕೇಳಬೇಡಿ. ಸೋಮಿಯ ರಾಶಿ ಒಂದು ಗೇಣು ಎತ್ತರ ಕಂಡರೆ ಅವಳ ಮುಖ ಆಗಲೂ ಚಿಕ್ಕದಾಗುತ್ತಿತ್ತು. ಆದರೆ ಈಗ ಬಾಯಿ ಬಿಟ್ಟು, "ಈ ಸಲ ಏನು ಮಾಡಿದೆಯೇ?" ಅಂತ ಕೇಳುತ್ತಿದ್ದಳು. ಸೋಮಿಯೂ ಹೇಳುತ್ತಿದ್ದಳು.

ಆ ಊರಿನ ಉಪ್ಪು ಆ ಊರಿಗೆ, ಈ ಊರಿನ ಗಂಜಿ ನಮಗೆ. ಅವರು ಉಂಡು ಎದ್ದರು, ನಾವು ಕೇಳಿ ಎದ್ದೆವು.