ಆಚೆ ದಡದ ರೋಗಿ

ಹೊಳೆಯ ಈಚೆ ದಡದಲ್ಲಿ ವೈದ್ಯಗುರು ಮರುಳಸಿದ್ಧಯ್ಯನವರ ಆಶ್ರಮ. ಆಚೆ ದಡದಿಂದ ಎರಡು ಹರಿದಾರಿ ನಡೆದರೆ ಕೊಟ್ರಯ್ಯನ ಊರು.

ಕೊಟ್ರಯ್ಯ ನಾಡಿವಿದ್ಯೆ ಕಲಿಯಲು ಬಂದು ಐದು ವರ್ಷವಾಗಿತ್ತು. ಬರುವಾಗ ಹೆಂಡತಿ ಹಾಲವ್ವನಿಗೆ "ಒಂದೇ ವರ್ಷ" ಎಂದಿದ್ದ. ಮಗಳು ಚಿನ್ನವ್ವ ಆಗ ಗೋಡೆ ಹಿಡಿದು ನಡೆಯುತ್ತಿದ್ದಳು.

ವರ್ಷ ಮುಗಿಯುವಾಗ ಮೂಲಿಕೆಗಳ ಪಾಠ ಶುರುವಾಯಿತು. ಅದು ಮುಗಿಯುವಾಗ ಭಸ್ಮಗಳದು. "ಇದೊಂದು ಕೈಗೆ ಹತ್ತಲಿ, ಆಮೇಲೆ ಹೋಗಿಬರುತ್ತೇನೆ" ಎಂದುಕೊಳ್ಳುತ್ತಿದ್ದ. ಅದರಲ್ಲಿ ಕಪಟವಿರಲಿಲ್ಲ. ಪ್ರತಿ ಸಲವೂ ಅವನು ಅದನ್ನು ನಂಬಿಯೇ ಅಂದುಕೊಂಡಿದ್ದ.

ಸಂಜೆ ಸ್ನಾನಕ್ಕಿಳಿದವನು ಮೊಣಕಾಲುದ್ದ ನೀರಿನಲ್ಲಿ ನಿಂತು ಆಚೆ ದಡ ನೋಡುತ್ತಿದ್ದ. ಜಾಲಿಮರಗಳ ಹಿಂದೆ ಯಾರದೋ ಒಲೆಯ ಹೊಗೆ ಏಳುತ್ತಿತ್ತು. ತನ್ನ ಊರು ಅಲ್ಲಿಂದ ಇನ್ನೂ ದೂರವೆಂದು ಅವನಿಗೆ ಗೊತ್ತಿತ್ತು. ಆದರೂ ಆ ಹೊಗೆ ಕರಗುವವರೆಗೆ ನೀರಿನಿಂದ ಮೇಲೆ ಬರುತ್ತಿರಲಿಲ್ಲ.

ಆ ವರ್ಷ ಅರಮನೆಗೆ ಹೊಸ ವೈದ್ಯರು ಬೇಕಾದರು. ಆಶ್ರಮದಿಂದ ಒಬ್ಬರನ್ನು ಆರಿಸಲು ಅಲ್ಲಿಯ ಅಧಿಕಾರಿಗಳು ಹುಣ್ಣಿಮೆಯ ದಿನ ಬರುವುದೆಂದಾಯಿತು.

"ನಿನ್ನ ಹೆಸರು ಹೇಳಬೇಕೆಂದಿದ್ದೇನೆ" ಎಂದರು ಗುರುಗಳು.

ಕೊಟ್ರಯ್ಯನಿಗೆ ಎದೆ ತುಂಬಿ ಬಂತು. "ಅರಮನೆ ಸೇರಿದ ಮೇಲೆ ಎಲ್ಲ ಸರಿಹೋಗುತ್ತದೆ ಗುರುಗಳೇ."

"ಏನು ಸರಿಹೋಗಬೇಕು?"

ಅವನು ಹೊಳೆಯ ಆಚೆ ದಡದ ಕಡೆ ನೋಡಿದ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಗುರುಗಳು ಅವನನ್ನು ಕರೆದರು.

"ಆಚೆ ದಡದಿಂದ ಅಂಬಿಗ ಸುದ್ದಿ ತಂದಿದ್ದಾನೆ. ಒಂದು ಮಗುವಿಗೆ ನಾಲ್ಕು ದಿನದಿಂದ ಜ್ವರವಂತೆ. ಹೋಗಿ ನೋಡಿ ಬಾ."

"ನಾಳೆ ಅರಮನೆಯವರು ಬರುತ್ತಾರೆ. ನಾನು ಇನ್ನೊಮ್ಮೆ ಗ್ರಂಥ ನೋಡಿಕೊಳ್ಳಬೇಕಿತ್ತು."

"ಜ್ವರಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ, ಕೊಟ್ರಯ್ಯ."

ಹರಿಗೋಲಿನಲ್ಲಿ ಹೊಳೆ ದಾಟಿಸಿದ ಅಂಬಿಗ ದಡ ಹತ್ತಿ ಮುಂದೆ ಮುಂದೆ ನಡೆದ. ಜಾಲಿಮರಗಳು ಕಳೆದವು. ಒಂದು ಊರು ಬಂತು, ಹಿಂದೆ ಸರಿಯಿತು. ಕೆರೆಯ ಏರಿ ಕಂಡಾಗ ಕೊಟ್ರಯ್ಯನ ಹೆಜ್ಜೆ ನಿಧಾನವಾಯಿತು. ಅಂಬಿಗ ನಿಂತದ್ದು ಅವನದೇ ಮನೆಯ ಮುಂದೆ.

ಬಾಗಿಲಲ್ಲಿ ಹಾಲವ್ವ ನಿಂತಿದ್ದಳು. ಅವನ ಮುಖ ನೋಡಿದಳು. ಕೈಯಲ್ಲಿದ್ದ ಔಷಧಿಯ ಚೀಲ ನೋಡಿದಳು.

"ವೈದ್ಯರನ್ನು ಕಳಿಸಿ ಅಂತ ಹೇಳಿ ಕಳಿಸಿದ್ದೆ" ಎಂದಳು.

"ನಾನೇ ಬಂದೆ."

"ಮಗು ಒಳಗಿದೆ. ಬನ್ನಿ."

ಕೌದಿಯ ಮೇಲೆ ಮಲಗಿದ್ದ ಹುಡುಗಿಗೆ ಎರಡು ಜಡೆ. ಅವಳಿಗೆ ಜಡೆ ಹಾಕುವಷ್ಟು ಕೂದಲು ಬಂದಿದೆಯೆಂದು ಅವನಿಗೆ ಗೊತ್ತಿರಲಿಲ್ಲ.

"ವೈದ್ಯರೇ, ಕಹಿ ಔಷಧಿ ಕೊಡ್ತೀರಾ?" ಎಂದು ಕೇಳಿದಳು ಚಿನ್ನವ್ವ.

ಅವನು ಅವಳ ಮಣಿಕಟ್ಟು ಹಿಡಿದ. ಮುನ್ನೂರು ಜನರ ನಾಡಿ ನೋಡಿದ ಬೆರಳುಗಳು ಅವು. ಎಣಿಸಲು ಹೊರಟ, ತಪ್ಪಿತು. ಮತ್ತೆ ಹಿಡಿದ, ಮತ್ತೆ ತಪ್ಪಿತು. ಕೊನೆಗೆ ಹಣೆ ಮುಟ್ಟಿ ನೋಡಿ, ಅಮೃತಬಳ್ಳಿಯ ಕಷಾಯ ಕಾಸಿ, ಜೇನು ಬೆರೆಸಿ ಕುಡಿಸಿದ.

ಮಧ್ಯಾಹ್ನದ ಹೊತ್ತಿಗೆ ಮಗು ಬೆವರಿತು. ಜ್ವರ ಇಳಿಯತೊಡಗಿತು.

"ನಿಮಗೆ ಮಕ್ಕಳಿದ್ದಾರಾ?" ಚಿನ್ನವ್ವ ಕೇಳಿದಳು.

"ಒಬ್ಬಳು ಮಗಳಿದ್ದಾಳೆ."

"ಅವಳು ಪುಣ್ಯವಂತೆ. ಜ್ವರ ಬಂದರೆ ಮನೇಲೇ ವೈದ್ಯರು."

ಅವನು ಕಷಾಯದ ಬಟ್ಟಲು ಎತ್ತಿಕೊಂಡು ಎದ್ದ.

"ನಾಳೆ ಬರ್ತೀರಾ?"

"ಬರ್ತೀನಿ" ಎಂಬ ಮಾತು ಅವನಿಗೆ ತಿಳಿಯುವ ಮೊದಲೇ ಬಾಯಿಂದ ಬಂದಿತ್ತು.

ಅಂಗಳದಲ್ಲಿ ಹಾಲವ್ವ ಅವನ ಕೈಗೆ ನೀರು ಹಾಕಿದಳು.

"ನಾನು ಯಾರು ಅಂತ ನೀನು ಅವಳಿಗೆ ಹೇಳಲಿಲ್ಲ" ಎಂದ ಅವನು.

"ಹೇಳಿದ ಮೇಲೆ ನೀವು ಹೊರಟುಬಿಟ್ಟರೆ? ವೈದ್ಯರು ಹೋದರೆ ಅವಳು ಅಳೋದಿಲ್ಲ."

"ಇನ್ನು ಸ್ವಲ್ಪ ದಿನ, ಹಾಲವ್ವ. ಅರಮನೆಗೆ ನನ್ನನ್ನು ಆರಿಸಿದರೆ..."

"ಅರಮನೆಗೆ ಹೋಗಬೇಡಿ ಅಂತ ನಾನು ಯಾವತ್ತು ಅಂದೆ?" ಅವಳ ದನಿ ಏರಲಿಲ್ಲ. "ಬಾ ಅಂತ ಒಂದು ಮಾತು ಹೇಳಿ ಕಳಿಸಿದ್ದರೆ ಆಶ್ರಮದ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಿದ್ದೆ. ಇಲ್ಲಿ ಹೊಳೆ ಕಡೆಯಿಂದ ಯಾರು ಬಂದರೂ ನೀವೇ ಏನೋ ಅಂತ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ನೀವು ಕರೆಯಲೇ ಇಲ್ಲ."

ಐದು ವರ್ಷದಲ್ಲಿ ಅವನಿಗೆ ಅದೊಂದು ಹೊಳೆದೇ ಇರಲಿಲ್ಲ.

ಹೊತ್ತು ಮುಳುಗುವ ಮುಂಚೆ ಅವನು ಆಶ್ರಮಕ್ಕೆ ಮರಳಿದ. ಗುರುಗಳು ಒಣಗಿದ ಬೇರುಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಅದು ಯಾರ ಮನೆಯೆಂದು ನಿಮಗೆ ಗೊತ್ತಿತ್ತು" ಎಂದ.

"ಗೊತ್ತಿತ್ತು. ನಾಡಿ ಹೇಗಿತ್ತು?"

"ಸಿಗಲಿಲ್ಲ ಗುರುಗಳೇ. ನನ್ನ ಬೆರಳೇ ಹೊಡೆದುಕೊಳ್ಳುತ್ತಿತ್ತು." ಅವನು ಅಲ್ಲೇ ಕುಸಿದು ಕೂತ. "ನಾಳೆ ಬರುತ್ತೇನೆಂದು ಹೇಳಿ ಬಂದಿದ್ದೇನೆ. ನಾಳೆಯೇ ಅರಮನೆಯವರೂ ಬರುತ್ತಾರೆ. ನನಗೆ ಎರಡೂ ಬೇಕು. ಏನು ಮಾಡಲಿ?"

ಗುರುಗಳು ಚೀಲದ ಬಾಯಿ ಕಟ್ಟಿದರು.

"ಜ್ವರ ಬಿಟ್ಟ ಮಗುವಿಗೆ ಹಸಿವಾಗುವುದು ಯಾವಾಗ?"

"ಮಾರನೆಯ ದಿನ."

"ಮೊದಲು ಏನು ಕೊಡಬೇಕು?"

"ತೆಳ್ಳಗಿನ ಗಂಜಿ."

"ಯಾರು ಕೊಡಬೇಕು?"

"ಗ್ರಂಥದಲ್ಲಿ ಅದು ಬರೆದಿಲ್ಲ."

"ಬರೆದಿಲ್ಲ" ಎಂದು ಗುರುಗಳು ಎದ್ದು ಒಳಗೆ ಹೋದರು.

ಬೆಳಿಗ್ಗೆ ಕೊಟ್ರಯ್ಯ ಹರಿಗೋಲಿನ ಬಳಿ ನಿಂತಿದ್ದ. ಗುರುಗಳು ನಿಧಾನವಾಗಿ ದಡಕ್ಕೆ ಇಳಿದು ಬಂದರು.

"ಅರಮನೆಯವರಿಗೆ ಏನು ಹೇಳಲಿ?"

"ಮನೆಯವರನ್ನು ಕೇಳಿಕೊಂಡು, ಅವರು ಒಪ್ಪಿದರೆ ಕರೆದುಕೊಂಡೇ ಬರುತ್ತಾನೆ ಅನ್ನಿ. ಎರಡು ದಿನ ಕಾಯಲಿ."

"ಕಾಯದಿದ್ದರೆ?"

ಕೊಟ್ರಯ್ಯ ತಲೆ ತಗ್ಗಿಸಿದ. "ಆಸೆ ಹೋಗಿಲ್ಲ ಗುರುಗಳೇ. ಆದರೂ ಹೋಗುತ್ತೇನೆ."

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು. ಅವನು ಹರಿಗೋಲು ಹತ್ತಿದ. ಅಂಬಿಗ ದಡಕ್ಕೆ ಹುಟ್ಟು ಊರಿ ನೂಕಿದ.

ನಾಲ್ಕು ಮಾರು ದೂರ ಹೋದ ಮೇಲೆ ಕೊಟ್ರಯ್ಯ ತಿರುಗಿ ನೋಡಿದ. ವೃದ್ಧ ಗುರುಗಳು ಇನ್ನೂ ಅಲ್ಲೇ ನಿಂತಿದ್ದರು, ಪಾದ ಮುಳುಗುವಷ್ಟು ನೀರಿನಲ್ಲಿ. ಅವರ ಮನೆ ಯಾವ ಊರಲ್ಲಿತ್ತು ಎಂದು ತಾನು ಒಮ್ಮೆಯೂ ಕೇಳಿಲ್ಲವೆಂಬುದು ಅವನಿಗೆ ಆಗ ನೆನಪಾಯಿತು.

"ಗುರುಗಳೇ," ಅವನು ಕೂಗಿ ಕೇಳಿದ, "ನಾಳೆ ಬರ್ತೀರಾ ಅಂತ ನಿಮ್ಮನ್ನೂ ಯಾರಾದರೂ ಕೇಳಿದ್ದರೇ?"

ನೀರಿನ ಮೇಲೆ ಮಾತು ತಡವಾಗಿ ಬಂತು.

"ನನ್ನ ಮಗಳೂ ಕೇಳಿದ್ದಳು. ಮಾರನೆಯ ದಿನ ನನಗೆ ಪಾಠವಿತ್ತು, ಹೋಗಲಿಲ್ಲ. ಅದಕ್ಕೇ ನೋಡು ಕೊಟ್ರಯ್ಯ, ಯಾರು ಯಾವ ಹೊತ್ತಿನಲ್ಲಿ ಬಂದರೂ ನಾನು ಇಲ್ಲೇ ಸಿಗುತ್ತೇನೆ."